ಮೊದಲ ದಿನದ ಕಾಗದ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)

ಗೆಳೆಯರೆ,

ನಮ್ಮ ಕೇರಿಯ ಒಂದು ಸಂಗತಿಯಿಂದಲೇ ಶುರು ಮಾಡ್ತೇವೆ. ಕಬ್ಬು ಕಡಿಯೋಕೆ ಹೋಗಿದ್ದ ನಮ್ಮ ಚಿಕ್ಕವ್ವ ಒಬ್ಬಳು ಸಂಜೆ ಟ್ರಾಕ್ಟರಿನ ಟ್ರೈಲರ್ ಮೇಲೆ ಕೂತು ವಾಪಸ್ ಬರ್ತಿದ್ದಳು. ತಿರುವಿನಲ್ಲಿ ಡ್ರೈವರ್ ಜೋರಾಗಿ ತಿರುಗಿಸಿದ. ಆಕೆ ಕೆಳಗೆ ಬಿದ್ದಳು. ಚಕ್ರ ಬಲಗೈ ಮೇಲೆ ಹೋಯಿತು. ಮೂರನೇ ದಿನ ಮಾಲೀಕನ ಕಡೆಯವರು ಬಂದು ಐದು ಸಾವಿರ ರೂಪಾಯಿ ಕೊಟ್ಟು, ಒಂದು ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. 'ಹಣೆಬರಹ, ಏನ್ ಮಾಡೋಕಾಗ್ತದೆ' ಅಂದರು ಹಿರಿಯರು. ಆ ಕಾಗದದಲ್ಲಿ 'ನಾನೇ ಆಯ ತಪ್ಪಿ ಬಿದ್ದೆ, ಯಾರದೂ ತಪ್ಪಿಲ್ಲ' ಅಂತ ಬರೆದಿತ್ತು. ಅದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಓದು ಬಂದಿದ್ದ ನಾವು ಆಗ ಹಾಸ್ಟೆಲಿನಲ್ಲಿದ್ದೆವು. ಸುದ್ದಿ ತಿಳಿದರೂ ಹೋಗಲಿಲ್ಲ. ಆ ತಪ್ಪು ನಮ್ಮದು. ಅದಕ್ಕೇ ಇವತ್ತಿನ ಈ ಮಾತು.

ಆಕೆಯ ಕೈಗೆ ಬೆಲೆ ಎಷ್ಟು? 2010ರ ಅಕ್ಟೋಬರ್‌ನಲ್ಲಿ ರಾಜ್‌ಕುಮಾರ್ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ಡಾಕ್ಟರು ಬರೆದ ಊನದ ಶೇಕಡಾ ಲೆಕ್ಕವೇ ದುಡಿಮೆಯ ನಷ್ಟವಲ್ಲ. ಗಾಯಗೊಂಡವರು ಏನು ಕೆಲಸ ಮಾಡ್ತಿದ್ದರು ಅಂತ ನೋಡಬೇಕು. ಕೈ ಕಳಕೊಂಡ ಸರ್ಕಾರಿ ಗುಮಾಸ್ತನ ಸಂಬಳ ಉಳಿಯಬಹುದು. ಕೈ ಕಳಕೊಂಡ ಬಡಗಿಗೆ ಹೆಚ್ಚುಕಡಿಮೆ ಪೂರ್ತಿ ದುಡಿಮೆಯೇ ಹೋಯಿತು. ಕುಡುಗೋಲು ಹಿಡಿಯೋ ಕೈಯೂ ಹಾಗೇ ಅಲ್ಲವೆ? ಇದು ಕರುಣೆಯ ಮಾತಲ್ಲ, ಲೆಕ್ಕದ ಮಾತು. ನಮ್ಮ ಚಿಕ್ಕವ್ವನ ಲೆಕ್ಕವನ್ನು ಯಾರೂ ಹಾಕಲೇ ಇಲ್ಲ.

ರಸ್ತೆಯ ಕಾನೂನು ಹೀಗಿದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಚಾಲಕನ ತಪ್ಪನ್ನು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳುವ ದಾರಿ 2022ರ ಏಪ್ರಿಲ್‌ನಿಂದ ಇದೆ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೆ, ಅದೇ ತಿಂಗಳಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಅದಕ್ಕೆ ಅಪಘಾತ ನಡೆದ ಕಡೆಯ ಕಂದಾಯ ಅಧಿಕಾರಿಗೆ ಅರ್ಜಿ ಕೊಡಬೇಕು. ನ್ಯಾಯಮಂಡಳಿಯ ಅರ್ಜಿಗೆ ತಿದ್ದುಪಡಿಯಲ್ಲಿ ಆರು ತಿಂಗಳ ಗಡುವು ಬರೆದಿದ್ದಾರೆ. ತಿಥಿ ಮುಗೀಲಿ, ಸುಗ್ಗಿ ಮುಗೀಲಿ ಅಂತ ಕೂರಬಾರದು.

ಇಲ್ಲೊಂದು ತೊಡಕಿದೆ. ಮದುವೆ ದಿಬ್ಬಣವೂ ಕೂಲಿಯ ಗುಂಪೂ ಲಾರಿ, ಟೆಂಪೋ, ಟ್ರೈಲರಿನಲ್ಲೇ ಹೋಗ್ತಾವೆ. ಸಾಮಾನಿನ ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಇನ್ಶೂರೆನ್ಸ್ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟು 2002ರ ಡಿಸೆಂಬರ್‌ನಲ್ಲಿ ಆಶಾರಾಣಿ ಮೊಕದ್ದಮೆಯಲ್ಲಿ ಹೇಳಿದೆ. ಮಾಲೀಕನ ಹೊಣೆ ತಪ್ಪೋದಿಲ್ಲ, ಆದರೆ ಅವನ ಹತ್ತಿರ ವಸೂಲಿ ಮಾಡೋದು ಸುಲಭವಲ್ಲ. ತನ್ನ ಸಾಮಾನಿನ ಜೊತೆ ಹೋದವರನ್ನೂ, ಗಾಡಿಯ ಕೂಲಿಯಾಳಾಗಿ ಹೋದವರನ್ನೂ ಕಾನೂನು ಬೇರೆ ಥರ ನೋಡ್ತದೆ. ಆದ್ದರಿಂದ ಯಾಕೆ ಆ ಗಾಡಿಯಲ್ಲಿದ್ದರು ಎಂಬ ನಿಜ ಮೊದಲ ದಿನವೇ ಬರಹದಲ್ಲಿ ಬರಬೇಕು. ದಿಬ್ಬಣಕ್ಕೆ ಬಸ್ಸು ಮಾಡಿ ಅಂತ ಜಗಳ ಆಡೋದೂ ನಮ್ಮ ಕೆಲಸವೇ.

ಇನ್ನು ಕರೆಂಟ್ ತಂತಿ. ಮಧ್ಯಪ್ರದೇಶದಲ್ಲಿ ಒಬ್ಬ ದುಡಿಯುವ ಮನುಷ್ಯ ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಬರ್ತಿದ್ದ. ಮಳೆನೀರು ನಿಂತ ರಸ್ತೆಯಲ್ಲಿ ಬಿದ್ದಿದ್ದ ತಂತಿ ತಗುಲಿ ಸತ್ತ. 'ಯಾರೋ ಕಳ್ಳತನದಿಂದ ಕರೆಂಟ್ ಎಳೆದಿದ್ದರು, ನಮ್ಮ ತಪ್ಪಲ್ಲ' ಅಂದಿತು ವಿದ್ಯುತ್ ಮಂಡಳಿ. 2002ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಇಂಥ ಅಪಾಯದ ವಸ್ತುವನ್ನು ಊರೊಳಗೆ ಹರಿಸುವವರು, ತಮ್ಮ ಅಲಕ್ಷ್ಯ ಇಲ್ಲದಿದ್ದರೂ, ಆದ ಹಾನಿಗೆ ಹೊಣೆ ಅಂದಿತು. ಕೇರಿಯ ಗುಡಿಸಲ ಮೇಲೆ ಜೋತುಬಿದ್ದ ತಂತಿಗೂ ಇದೇ ಕಾನೂನು. ತಂತಿ ಬೀಳೋ ಮೊದಲೇ ಅರ್ಜಿ ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಮೂರನೆಯದು ಮ್ಯಾನ್‌ಹೋಲು. ಇದಕ್ಕೆ ಇಳಿಸಿದ್ದು ಯಾರನ್ನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ರಕ್ಷಣಾ ಸಾಮಗ್ರಿ ಇಲ್ಲದೆ ಗುಂಡಿಗೆ ಇಳಿಸೋದನ್ನು 2013ರ ಕಾಯ್ದೆ ನಿಷೇಧಿಸಿದೆ. 1993ರಿಂದ ಈಚೆಗೆ ಸತ್ತವರ ಮನೆಯವರಿಗೆ ತಲಾ 10 ಲಕ್ಷ ಕೊಡಿ ಅಂತ 2014ರ ತೀರ್ಪು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿದರು. ಶಾಶ್ವತ ಊನಕ್ಕೆ 20 ಲಕ್ಷ, ಉಳಿದ ಊನಕ್ಕೆ 10 ಲಕ್ಷಕ್ಕೆ ಕಡಿಮೆ ಇಲ್ಲ. ಆದರೆ 'ಅವನೇ ಕಾಲು ಜಾರಿ ಬಿದ್ದ' ಅಂತ ಮೊದಲ ದಿನ ಬರೆದುಬಿಟ್ಟರೆ, ಯಾರು ಇಳಿಸಿದರು ಎಂಬ ಪ್ರಶ್ನೆ ಆ ಕಾಗದದಲ್ಲೇ ಮುಚ್ಚಿಹೋಗ್ತದೆ.

ಹಾಗಾದರೆ ನಾವು ಮಾಡಬೇಕಾದ್ದೇನು?

ಮೊದಲು ಆಸ್ಪತ್ರೆ. ಪೊಲೀಸರು ಬರಲಿ ಅಂತ ಗಾಯಾಳುವನ್ನು ಕಾಯಿಸಬಾರದು, ಜೀವ ಉಳಿಸೋದು ಪ್ರತಿ ಡಾಕ್ಟರ ಕರ್ತವ್ಯ ಅಂತ 1989ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆಮೇಲೆ ಠಾಣೆ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ತಗೊಳ್ಳಿ. ಗಾಡಿ ನಂಬರು, ಜಾಗ, ಹೊತ್ತು, ನೋಡಿದವರ ಹೆಸರು ಅವತ್ತೇ ಬರೆದಿಡಿ. ಔಷಧಿಯ ಚೀಟಿ, ಬಸ್ ಟಿಕೆಟ್ಟು ಎಸೆಯಬೇಡಿ. ಓದಿ ಹೇಳಿಸದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಬೇಡ. ಆದದ್ದನ್ನು ಆದ ಹಾಗೇ ಬರೆಯಿರಿ. ಒಂದು ಸುಳ್ಳು ಸೇರಿದರೆ ನೂರು ನಿಜ ಕೆಡ್ತಾವೆ.

ವಕೀಲರಿಗೆ ದುಡ್ಡೆಲ್ಲಿ ಅಂತೀರಾ? 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ ವರಮಾನ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವೆಗಳ ಸಮಿತಿ ಇರ್ತದೆ. ಈ ರಜೆಯಲ್ಲಿ ಊರಿಗೆ ಹೋಗುವ ಮುಂಚೆ ನಾವು ಇಬ್ಬಿಬ್ಬರಾಗಿ ಆ ಬಾಗಿಲು ಎಲ್ಲಿದೆ ಅಂತ ನೋಡಿಕೊಂಡು ಬರೋಣ.

ನಮ್ಮ ಚಿಕ್ಕವ್ವ ಈಗ ಎಡಗೈಲಿ ರೊಟ್ಟಿ ತಟ್ಟೋದು ಕಲಿತಿದ್ದಾಳೆ. ನಾವು ಹೋದಾಗೆಲ್ಲ 'ಓದ್ರಪ್ಪ, ಚೆನ್ನಾಗಿ ಓದಿ' ಅಂತಾಳೆ. ಆ ಕಾಗದದ ಮಾತು ಆಕೆ ಒಂದು ಸಲವೂ ಎತ್ತಿಲ್ಲ. ನಾವು ಮರೆಯಬಾರದು.

ಜೈ ಭೀಮ್.