ತೆರೆಯ ಮೇಲಿನ ಅಜ್ಜಿ, ಮನೆಯೊಳಗಿನ ಅಜ್ಜಿ



ಸಿನೆಮಾದ ತಾಯಿಯನ್ನು ನಾವೆಲ್ಲರೂ ಬಲ್ಲೆವು. ಬಿಳಿ ಸೀರೆ, ಕೆಮ್ಮು, ಹೊಲಿಗೆ ಯಂತ್ರ. ಮುಸ್ಲಿಮಳಾದರೆ ಕೈಯಲ್ಲೊಂದು ತಸ್ಬೀಹ್. ಮಗ ಮನೆ ಬಿಟ್ಟಾಗ ಅಳುವುದು, ಮರಳಿದಾಗಲೂ ಅಳುವುದು. ನಾಯಕನಿಗೆ ಮಾತ್ರ ಮುಪ್ಪಿಲ್ಲ. 1981ರ 'ಬರ್ಸಾತ್ ಕಿ ಏಕ್ ರಾತ್'ನಲ್ಲಿ ಅಮಿತಾಭ್ ಬಚ್ಚನ್‌ರ ನಾಯಕಿಯಾಗಿದ್ದ ರಾಖಿ, 1982ರ 'ಶಕ್ತಿ'ಯಲ್ಲಿ ಅವರ ತಾಯಿ! ವಯಸ್ಸಿನಲ್ಲಿ ಆಕೆ ಐದು ವರ್ಷ ಚಿಕ್ಕವರು.

ಇಬ್ಬರು ಕನ್ನಡಿಗ ನಿರ್ದೇಶಕರು ಇದಕ್ಕೆ ಹೊರತಾಗಿ ನಿಲ್ಲುತ್ತಾರೆ. ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'ನ ಗುಲಾಬಿ ಕುಂದಾಪುರದ ಕಡಲ ಬದಿಯ ಸೂಲಗಿತ್ತಿ, ಗಂಡ ಬಿಟ್ಟುಹೋದವಳು. ವಯಸ್ಸು ಮೀರುತ್ತಿದ್ದರೂ ಸಿನೆಮಾ ನೋಡುವ ಆಸೆಯನ್ನು ಬಿಟ್ಟುಕೊಡದವಳು. ಉಮಾಶ್ರೀಯವರಿಗೆ ಈ ಪಾತ್ರ ರಾಷ್ಟ್ರ ಪ್ರಶಸ್ತಿ ತಂದಿತು. ಆಸೆಯುಳ್ಳ ನಡುವಯಸ್ಸಿನ ಮುಸ್ಲಿಮ್ ಹೆಂಗಸು ಭಾರತೀಯ ತೆರೆಯ ಮೇಲೆ ಎಷ್ಟು ಅಪರೂಪವೆಂಬುದನ್ನು ತಾವೇ ಯೋಚಿಸಿ.

ಇನ್ನೊಂದು, ಎಂ.ಎಸ್. ಸತ್ಯು ಅವರ 'ಗರ್ಮ್ ಹವಾ', 1974ರಲ್ಲಿ ತೆರೆಕಂಡದ್ದು. ವಿಭಜನೆಯ ನಂತರದ ಆಗ್ರಾ. ಹಿರಿಯ ಮಗ ಪಾಕಿಸ್ತಾನಕ್ಕೆ ಹೋದುದರಿಂದ ಆತನ ಹೆಸರಿನಲ್ಲಿದ್ದ ಹವೇಲಿ ಕುಟುಂಬದ ಕೈತಪ್ಪುತ್ತದೆ. ಎಲ್ಲರೂ ಗಂಟುಮೂಟೆ ಕಟ್ಟುತ್ತಿರುವಾಗ ಮುದುಕಿ ಕಾಣುವುದಿಲ್ಲ. ಸೌದೆಯ ಕೋಣೆಯಲ್ಲಿ ಅಡಗಿ ಕುಳಿತಿದ್ದಾಳೆ! ನಾವು ನಗುತ್ತೇವೆ, ಮರುಕ್ಷಣವೇ ನಗು ಗಂಟಲಲ್ಲಿ ನಿಲ್ಲುತ್ತದೆ. ಬದರ್ ಬೇಗಂ ಆ ಪಾತ್ರದಲ್ಲಿ ನಟಿಸಿದಂತೆ ಕಾಣುವುದೇ ಇಲ್ಲ.

ಇಲ್ಲಿ ಒಂದು ಮಾತು ಕೇಳದಿರಲಾಗದು. ಆ ಮನೆಯಲ್ಲಿ ಆಕೆಯ ಪಾಲೆಲ್ಲಿ? ಮಕ್ಕಳಿರುವ ವಿಧವೆಗೆ ಪತಿಯ ಸೊತ್ತಿನಲ್ಲಿ ಎಂಟನೇ ಒಂದು ಪಾಲನ್ನು ಕುರ್‌ಆನ್ ನಿಗದಿಪಡಿಸಿದೆ. ತೆರೆಯ ಮೇಲೆ ಅದರ ಪ್ರಸ್ತಾಪವಿಲ್ಲವೆಂದು ನಿರ್ದೇಶಕರನ್ನು ದೂರುವ ಅರ್ಹತೆ ನಮಗಿದೆಯೇ? ನಮ್ಮ ಪಟ್ಟಣಗಳಲ್ಲಿ ಹಳೆಯ ಮನೆ ಮಾರಿ ಫ್ಲ್ಯಾಟ್ ಕೊಳ್ಳುವಾಗ ಅಜ್ಜಿಯನ್ನು ಕೇಳುವುದು ಎಲ್ಲಿ ಹೆಬ್ಬೆಟ್ಟು ಒತ್ತಬೇಕೆಂದು ತೋರಿಸುವ ಹೊತ್ತಿಗೆ ಮಾತ್ರ. "ಉಮ್ಮನಿಗೆ ಏನು ತಿಳಿಯುತ್ತದೆ" ಎಂಬ ಮಾತು ನಮಾಝ್ ತಪ್ಪದ ಮನೆಗಳಲ್ಲೂ ಕೇಳಿಬರುತ್ತದೆ. ಬಿಳಿ ಸೀರೆಯ ಆ ತಾಯಿಯನ್ನು ಸಿನೆಮಾದವರು ಎಲ್ಲಿಂದ ತಂದರೆಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

'ಗರ್ಮ್ ಹವಾ'ದ ಮುದುಕಿ ಬಾಡಿಗೆ ಮನೆಯಲ್ಲಿ ಸಾಯಲೊಲ್ಲಳು. ಕೊನೆಗೆ ಆಕೆಯನ್ನು ಪಲ್ಲಕ್ಕಿಯಲ್ಲಿ ಹೊತ್ತು, ಅನ್ಯರ ಪಾಲಾದ ಅದೇ ಹವೇಲಿಗೆ ತರಲಾಗುತ್ತದೆ. ತಾನು ಮದುಮಗಳಾಗಿ ಬಂದ ದಿನದ ಶಹನಾಯಿ ಆಕೆಯ ಕಿವಿಯಲ್ಲಿ ಮೊಳಗುತ್ತಿರುತ್ತದೆ.