ವಿದ್ಯಾರ್ಥಿಗಳ ತತ್ತ್ವಚಿಂತನೆಯೂ ಮುದ್ರಿತ ಪತ್ರಿಕೆಯೂ

(ಮಹೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ನಡೆದ ಉಪನ್ಯಾಸ)

 

ಮಠವು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹದ ನೆಲೆಯೆಂಬುದು ಸರ್ವವಿದಿತವೇ ಸರಿ. ಇವುಗಳಲ್ಲಿ ಅಕ್ಷರ ದಾಸೋಹವು ಎಲ್ಲಿಯವರೆಗೆ ಮುಟ್ಟಬೇಕೆಂಬುದು ಇಂದು ವಿಚಾರಾರ್ಹವಾಗಿರುವುದು. ಬಡ ವಿದ್ಯಾರ್ಥಿಗೆ ಊಟ ವಸತಿಗಳನ್ನಿತ್ತು ಪದವಿ ಪರೀಕ್ಷೆಯನ್ನು ದಾಟಿಸಿದ ಮಾತ್ರಕ್ಕೆ ಅದು ಪೂರ್ಣವಾದಂತಾಯಿತೆ? ತತ್ತ್ವಶಾಸ್ತ್ರವನ್ನು ವರ್ಷಗಟ್ಟಲೆ ಓದಿ ಅವನು ಬರೆದುದನ್ನು ಒಬ್ಬ ಪರೀಕ್ಷಕನು ಕೆಲವು ನಿಮಿಷ ನೋಡಿ ಅಂಕವಿತ್ತು ಕಟ್ಟಿಡುವನು; ಅನಂತರ ಆ ಹಾಳೆಗಳು ರದ್ದಿಗೆ ಸಲ್ಲುವುವು. ವಾದವು ನಿಂತಿತೆ, ಬಿದ್ದಿದ್ದರೆ ಎಲ್ಲಿ ಬಿದ್ದಿತು ಎಂಬುದನ್ನು ಬರೆದವನಿಗೆ ತಿಳಿಸುವವರಿಲ್ಲ. ಈ ಕೊರತೆಯನ್ನು ನೀಗತಕ್ಕ ಸಾಧನವೊಂದುಂಟು: ವಿದ್ಯಾರ್ಥಿಗಳ ಪ್ರಬಂಧಗಳನ್ನು ವಿದ್ಯಾರ್ಥಿಗಳೇ ಪರಿಶೀಲಿಸಿ ಪ್ರಕಟಿಸುವ ತತ್ತ್ವಶಾಸ್ತ್ರದ ಪತ್ರಿಕೆ.

ಹೆಸರು ಹೊಸದಾದರೂ ಇದರ ಹುರುಳು ಶರಣರಿಗೆ ಹಳೆಯದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯನ್ನು ಓದಿದವರಿಗೆ ಇದು ತಿಳಿದೇ ಇದೆ. ಅಲ್ಲಿ ಬಂದವರನ್ನೆಲ್ಲ ಪ್ರಭುದೇವನು ಪ್ರಶ್ನೆಗಳಿಂದ ಪರೀಕ್ಷಿಸುವನು. ತರುಣಿಯಾದ ಅಕ್ಕಮಹಾದೇವಿಯು ತನ್ನ ಉತ್ತರಗಳ ಬಲದಿಂದಲೇ ಶರಣಗೋಷ್ಠಿಯ ಮನ್ನಣೆಗೆ ಪಾತ್ರಳಾದಳು. ವಯಸ್ಸು, ಕುಲ, ಅಧಿಕಾರಗಳು ಆ ಮನ್ನಣೆಗೆ ಕಾರಣವಾಗಲಿಲ್ಲ. ಪ್ರಶ್ನೆಯೂ ಉತ್ತರವೂ ಬರಹದಲ್ಲಿ ಉಳಿದುದರಿಂದಲೇ ಇಂದಿನವರೂ ಆ ವಾದವನ್ನು ತೂಗಿ ನೋಡಬಲ್ಲರು.

ಇನ್ನು ಈಚಿನ ಕಾಲಕ್ಕೆ ಬಂದರೆ, 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ 'ಪ್ರಬುದ್ಧ ಕರ್ನಾಟಕ'ವು ಹೊರಟಿತು. ಕಾಲೇಜಿನ ಸಂಘವೊಂದರಲ್ಲಿ ಹುಟ್ಟಿದ ಈ ಪತ್ರಿಕೆಯು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದು ನಾಡಿನ ವಿದ್ವತ್ತಿಗೆ ವೇದಿಕೆಯಾಯಿತು. ಫ. ಗು. ಹಳಕಟ್ಟಿಯವರು 1926ರಲ್ಲಿ ವಿಜಯಪುರದಲ್ಲಿ ಆರಂಭಿಸಿದ 'ಶಿವಾನುಭವ' ಪತ್ರಿಕೆಯು ವಚನ ವಾಙ್ಮಯಕ್ಕೆ ಮಾಡಿದ ಉಪಕಾರವನ್ನು ಈ ಸಭೆಗೆ ವಿವರಿಸಬೇಕಾದುದಿಲ್ಲ.

ವಿದ್ಯಾರ್ಥಿಯ ತತ್ತ್ವಬರಹವು ಅಚ್ಚಾಗುವುದರಿಂದ ಏನಾಗಬಹುದೆಂಬುದಕ್ಕೆ ಸರ್ವಪಲ್ಲಿ ರಾಧಾಕೃಷ್ಣನ್‌ರವರೇ ನಿದರ್ಶನ. ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎಂ. ಎ. ಪದವಿಗಾಗಿ ವೇದಾಂತದ ನೀತಿತತ್ತ್ವವನ್ನು ಕುರಿತು ಪ್ರಬಂಧವೊಂದನ್ನು ಬರೆದರು. ವೇದಾಂತದಲ್ಲಿ ನೀತಿಗೆ ಎಡೆಯಿಲ್ಲವೆಂಬ ಆಕ್ಷೇಪಣೆಗೆ ಅದು ಉತ್ತರವಾಗಿದ್ದಿತು. ಕಾಲೇಜು ಮಿಷನರಿಗಳದು; ಅಧ್ಯಾಪಕರಾದ ಎ. ಜಿ. ಹಾಗ್ ಮಹಾಶಯರು ಸ್ವತಃ ಮಿಷನರಿ. ಅವರಿಗೆ ಅಸಮಾಧಾನವಾದೀತೆಂದು ಶಿಷ್ಯನಿಗೆ ಅಳುಕಿದ್ದಿತು. ಆದರೆ ಗುರುವು ಪ್ರಬಂಧವನ್ನು ಮೆಚ್ಚಿ ಪ್ರಶಂಸಾಪತ್ರವನ್ನಿತ್ತನು. 1908ರಲ್ಲಿ ಅದು ಪುಸ್ತಕವಾಗಿ ಪ್ರಕಟವಾದಾಗ ಗ್ರಂಥಕರ್ತನಿಗೆ ಇಪ್ಪತ್ತರ ವಯಸ್ಸು. ಹತ್ತು ವರ್ಷಗಳ ತರುವಾಯ, 1918ರಲ್ಲಿ, ಅವರು ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು. ಶಿಷ್ಯನ ಪ್ರತಿಭೆಯಷ್ಟೇ ಗುರುವಿನ ಔದಾರ್ಯವೂ ಇಲ್ಲಿ ಸ್ಮರಣೀಯವಾದುದು.

ವಿದೇಶಗಳಲ್ಲಿ ಈ ಕಾರ್ಯವು ವ್ಯವಸ್ಥಿತವಾಗಿ ಬೆಳೆದಿರುವುದು. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳೇ ಸಂಪಾದಿಸುವ ನ್ಯಾಯಶಾಸ್ತ್ರ ಪತ್ರಿಕೆಯು 1887ರಿಂದಲೂ, ತತ್ತ್ವಶಾಸ್ತ್ರ ಪತ್ರಿಕೆಯು 1991ರಿಂದಲೂ ನಡೆದು ಬಂದಿವೆ. ಬಾಲ್ ಸ್ಟೇಟ್ ವಿಶ್ವವಿದ್ಯಾನಿಲಯದ 'ಸ್ಟಾನ್ಸ್' ಎಂಬ ವಾರ್ಷಿಕ ಪತ್ರಿಕೆಯು 2008ರಲ್ಲಿ ಆರಂಭವಾಯಿತು. ಅದು ಸ್ನಾತಕ ವಿದ್ಯಾರ್ಥಿಗಳ ತತ್ತ್ವಪ್ರಬಂಧಗಳಿಗೇ ಮೀಸಲು. ಬರೆದವರ ಹೆಸರನ್ನು ಮರೆಮಾಡಿ, ವಿದ್ಯಾರ್ಥಿಗಳೇ ಪ್ರಬಂಧಗಳನ್ನು ಓದಿ ಆಯುವರು.

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಸೀಮೆಯೂ ವಿದ್ಯೆಗೆ ಹೊಸದೇನಲ್ಲ. ಹೆಬ್ಬಾಳದ ಕೃಷಿ ಸಂಶೋಧನೆಯ ಮೊದಲು 1899ರಷ್ಟು ಹಿಂದಿನದು. ಯಶವಂತಪುರದ ಸಮೀಪದಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯು 1914ರಲ್ಲಿಯೇ ತನ್ನ ಸಂಶೋಧನ ಪತ್ರಿಕೆಯನ್ನು ಹೊರಡಿಸಿತು. ವಿಜ್ಞಾನಕ್ಕೆ ಒದಗಿದ ಈ ಭಾಗ್ಯವು ಇಲ್ಲಿಯ ತರುಣರ ತತ್ತ್ವಚಿಂತನೆಗೂ ಒದಗುವುದು ಉಚಿತವಾಗಿದೆ.

ಚಿಂತನೆಗೆ ವಿಷಯವನ್ನು ದೂರ ಅರಸಬೇಕಾದುದಿಲ್ಲ. ಯಲಹಂಕದಲ್ಲಿ 1984ರಿಂದ ರೈಲು ಗಾಲಿಗಳ ಕಾರ್ಖಾನೆಯಿರುವುದು. ಕಾರ್ಖಾನೆಗಳಲ್ಲಿ ದುಡಿಯುವವರ ಸಂಬಳದಲ್ಲಿ ಒಂದಂಶವು ಮುಪ್ಪಿನ ಕಾಲಕ್ಕೆಂದು ಕೂಡಿಡಲ್ಪಡುತ್ತದೆ. ಆಯ್ದಕ್ಕಿ ಲಕ್ಕಮ್ಮನಾದರೋ, ಪತಿಯಾದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಹಾಗಾದರೆ ಮುಪ್ಪಿಗೆಂದು ಕೂಡಿಡುವುದು ಕಾಯಕತತ್ತ್ವಕ್ಕೆ ಭಂಗವೆ? ಭಂಗವೆಂದೇ ಒಬ್ಬ ವಿದ್ಯಾರ್ಥಿನಿ ಬರೆದಳೆನ್ನಿ. ಅದನ್ನು ಪರಿಶೀಲಿಸುವ ಸಹಪಾಠಿಯು ಕೇಳಬೇಕು: ಲಕ್ಕಮ್ಮನ ಆಕ್ಷೇಪಣೆಯು ಕೂಡಿಡುವುದಕ್ಕೊ, ಆಸೆಗೊ? ವ್ರತ ಹಿಡಿದವರ ನೇಮವು ಎಲ್ಲ ಸಂಸಾರಿಗಳಿಗೂ ಅನ್ವಯಿಸುವುದೆ? ಮುಪ್ಪಿನಲ್ಲಿ ಪರರ ಮುಂದೆ ಕೈಯೊಡ್ಡದಿರುವುದೂ ಕಾಯಕದ ಅಂಗವಲ್ಲವೆ? ಈ ಪ್ರಶ್ನೆಗಳಿಗೆ ಉತ್ತರಿಸಿ ಅವಳು ಪ್ರಬಂಧವನ್ನು ತಿದ್ದಿ ಬರೆದಾಗ ಲಕ್ಕಮ್ಮನ ಕಥೆಯು ಕಂಠಪಾಠದಿಂದ ವಿಚಾರಕ್ಕೆ ಏರುವುದು.

ಇದರ ಕ್ರಮವೂ ಕಠಿನವಾದುದಲ್ಲ. ಬಂದ ಪ್ರಬಂಧಕ್ಕೆ ಹೆಸರಿನ ಬದಲು ಸಂಖ್ಯೆಯನ್ನು ಕೊಡತಕ್ಕದ್ದು. ಇಬ್ಬರು ಬೇರೆಬೇರೆಯಾಗಿ ಓದಿ ಅಭಿಪ್ರಾಯವನ್ನು ಬರೆಯತಕ್ಕದ್ದು. ತಿರಸ್ಕರಿಸಿದರೆ ಕಾರಣವನ್ನು ತಿಳಿಸತಕ್ಕದ್ದು. ಗ್ರಂಥಗಳ ಪಾಠದಲ್ಲಿ ಸಂದೇಹ ಬಂದಲ್ಲಿ ಅಧ್ಯಾಪಕರನ್ನು ಕೇಳಬೇಕು. ನಿರ್ಣಯವು ಮಾತ್ರ ವಿದ್ಯಾರ್ಥಿ ಸಂಪಾದಕರದಾಗಿರಬೇಕು. ಅವರು ಎರಡು ಮೂರು ವರ್ಷಗಳಲ್ಲಿ ಕಾಲೇಜನ್ನು ಬಿಟ್ಟು ಹೋಗುವುದರಿಂದ ಕಿರಿಯರನ್ನು ಮೊದಲೇ ಜೊತೆಗಿರಿಸಿಕೊಳ್ಳುವುದು ಲೇಸು. ಭಾರತದಲ್ಲಿ ನಿಯತಕಾಲಿಕಗಳಿಗೆ ಅಂತರರಾಷ್ಟ್ರೀಯ ಕ್ರಮಸಂಖ್ಯೆಯು ಶುಲ್ಕವಿಲ್ಲದೆ ದೊರೆಯುವುದು. ಆದರೆ ಅದು ಪತ್ರಿಕೆಯ ಗುರುತೇ ಹೊರತು ಗುಣಕ್ಕೆ ಪ್ರಮಾಣವಾಗದು. ಹಣ ತೆತ್ತವರ ಬರಹವನ್ನೆಲ್ಲ ಅಚ್ಚುಹಾಕುವ ಪತ್ರಿಕೆಗಳೂ ಇಂದು ಉಂಟು. ಅವುಗಳ ದಾರಿಯನ್ನು ತುಳಿಯಕೂಡದು. ಕೃತಕ ಬುದ್ಧಿಯ ಯಂತ್ರದಿಂದ ಬರೆಯಿಸಿದ ಪ್ರಬಂಧವೂ ಇಂದು ಬರಬಹುದು. ಬರೆದವರನ್ನು ಎದುರಿಗೆ ಕೂಡಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿದರೆ ವಾದವು ಯಾರದೆಂಬುದು ಬಹುಮಟ್ಟಿಗೆ ಹೊರಬೀಳುವುದು. ಪ್ರಭುದೇವನ ಪದ್ಧತಿಯೂ ಅದೇ ಆಗಿದ್ದಿತು.

ಅಪಕ್ವವಾದುದನ್ನು ಅಚ್ಚುಹಾಕಬಾರದೆಂದು ಹಿರಿಯರು ಹೇಳುವುದುಂಟು. ಆ ಮಾತಿನಲ್ಲಿ ಸತ್ಯವಿದೆ. ಆದಕಾರಣವೇ ಪರಿಶೀಲನೆ ಬೇಕಾದುದು. ಆದರೆ ಪಕ್ವವಾದ ಮೇಲೆಯೇ ಬರೆಯಲೆಂದರೆ, ಈಜು ಕಲಿತ ಮೇಲೆಯೇ ನೀರಿಗೆ ಇಳಿಯೆಂದಂತಾಗುವುದು.

ಮಠಕ್ಕೆ ನಿಜವಾದ ಪರೀಕ್ಷೆಯು ಬೇರೊಂದೆಡೆಯಲ್ಲಿರುವುದು. ಕಾಗದದ ವೆಚ್ಚವನ್ನು ಭಕ್ತರು ಸುಲಭವಾಗಿ ವಹಿಸಿಯಾರು. ಆದರೆ ಮಠದ ಅನ್ನವನ್ನುಂಡ ವಿದ್ಯಾರ್ಥಿಯೇ ಷಟ್‌ಸ್ಥಲ ಸಿದ್ಧಾಂತದ ಒಂದು ಅಂಶವನ್ನು ಒಪ್ಪದೆ, ಕಾರಣಗಳನ್ನು ಕೊಟ್ಟು, ವಿನಯದಿಂದ ಪ್ರಬಂಧವನ್ನು ಬರೆದಾಗ ಏನು ಮಾಡತಕ್ಕದ್ದು? ಅದನ್ನು ತಡೆದರೆ ಪತ್ರಿಕೆಯು ಅಂದೇ ಸ್ತುತಿಪಾಠವಾಗುವುದು. ಬರೆಯುವವರು ಆಮೇಲೆ ಮೆಚ್ಚುಗೆಯಾಗುವುದನ್ನಷ್ಟೇ ಬರೆಯುವರು. ಅದು ಪರಿಶೀಲನೆಯಲ್ಲಿ ನಿಂತಿದ್ದರೆ ಪ್ರಕಟಿಸಿ, ಬಲ್ಲವರಿಂದ ಮುಂದಿನ ಸಂಚಿಕೆಯಲ್ಲಿ ಉತ್ತರವನ್ನು ಬರೆಯಿಸುವುದೇ ಶರಣಮಾರ್ಗಕ್ಕೆ ಒಪ್ಪುವುದು. ಮದರಾಸಿನ ಮಿಷನರಿ ಗುರುವು ತನ್ನವರಿಗೆ ಪ್ರತಿವಾದಿಯಾಗಿ ನಿಂತ ಶಿಷ್ಯನನ್ನು ಹರಸಿದನು. ಪ್ರಶ್ನೆಯನ್ನೇ ಸಾಧನೆಯ ಮೆಟ್ಟಿಲಾಗಿ ಮಾಡಿಕೊಂಡ ಪರಂಪರೆಯು ಅದಕ್ಕಿಂತ ಕಿರಿದಾಗಲಾಗದು.

ಆದುದರಿಂದ ಈ ಮಹೋತ್ಸವದ ಸ್ಮಾರಕವಾಗಿ ವಿದ್ಯಾರ್ಥಿಗಳಿಗೊಂದು ಕೊಠಡಿ, ವರ್ಷಕ್ಕೊಂದು ಸಂಚಿಕೆಯ ಮುದ್ರಣವೆಚ್ಚ, ಸಂಪಾದಕರ ನಿರ್ಣಯದಲ್ಲಿ ಕೈಹಾಕುವುದಿಲ್ಲವೆಂಬ ಲಿಖಿತ ಅಭಯ, ಈ ಮೂರನ್ನೂ ಶ್ರೀಮಠವು ಅನುಗ್ರಹಿಸುವುದಾದರೆ ಅಕ್ಷರ ದಾಸೋಹವು ಅರಿವಿನ ದಾಸೋಹವಾಗಿ ಪರಿಣಮಿಸುವುದು. ಶ್ರೀಗಳವರ ಆಶೀರ್ವಾದವೂ ಭಕ್ತರ ಬೆಂಬಲವೂ ಈ ಕಾರ್ಯಕ್ಕೆ ಒದಗಲಿ.