ದೇವರು ತೋರಿಸಿದ್ದು ಒಂದೊಂದೇ ಹೆಜ್ಜೆ

(ಸಂತ ಜೋಸೆಫರ ಮಹೋತ್ಸವ, ಮಾರ್ಚ್ 19. ಶುಭಸಂದೇಶ: ಮತ್ತಾಯ 1: 16, 18-21, 24)



ತಪಸ್ಸುಕಾಲದ ನಡುವೆ ಧರ್ಮಸಭೆ ಇಂದು ಸಂತ ಜೋಸೆಫರನ್ನು ನಮ್ಮ ಮುಂದೆ ನಿಲ್ಲಿಸುತ್ತದೆ. ಜೋಸೆಫ್, ಜೋಜಪ್ಪ, ಜೋಜಮ್ಮ ಎಂಬ ಹೆಸರಿನವರು ನಮ್ಮ ನಡುವೆ ಎಷ್ಟೋ ಜನ. ಇಂದು ನಾಮಹಬ್ಬ ಆಚರಿಸುವ ನಿಮಗೆಲ್ಲ ಶುಭಾಶಯಗಳು.

ಕೈಯಲ್ಲಿ ಲಿಲ್ಲಿ ಹೂ, ತೋಳಿನಲ್ಲಿ ಬಾಲಯೇಸು, ಮುಖದಲ್ಲಿ ಶಾಂತಿ. ನಮ್ಮ ಮನೆಗಳಲ್ಲಿರುವ ಸಂತ ಜೋಸೆಫರ ಚಿತ್ರ ಹೀಗಿರುತ್ತದೆ. ಅದನ್ನು ನೋಡಿ, ಅವರ ಬಾಳೂ ಅಷ್ಟೇ ಶಾಂತವಾಗಿತ್ತು ಎಂದುಕೊಳ್ಳುತ್ತೇವೆ. ಶುಭಸಂದೇಶ ಹೇಳುವುದೇ ಬೇರೆ.

ಸಂತ ಮತ್ತಾಯರು ಜೋಸೆಫರ ನಾಲ್ಕು ಕನಸುಗಳನ್ನು ಬರೆದಿಟ್ಟಿದ್ದಾರೆ. ಮೊದಲನೆಯದರಲ್ಲಿ, ಮರಿಯಳನ್ನು ಪತ್ನಿಯಾಗಿ ಸ್ವೀಕರಿಸಲು ಅಂಜಬೇಡ ಎಂದು ದೂತ ಹೇಳಿದ. ಎರಡನೆಯದರಲ್ಲಿ, ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಓಡಿಹೋಗು, ನಾನು ಹೇಳುವ ತನಕ ಅಲ್ಲೇ ಇರು ಎಂದ. ಎಷ್ಟು ದಿನ? ಹೇಳಲಿಲ್ಲ. ಅಲ್ಲಿ ಕೆಲಸ, ಮನೆ, ಭಾಷೆ? ಅದನ್ನೂ ಹೇಳಲಿಲ್ಲ. ಜೋಸೆಫರು ಬೆಳಗಾಗುವುದನ್ನೂ ಕಾಯದೆ ಆ ರಾತ್ರಿಯೇ ಹೊರಟರು. ಮೂರನೆಯ ಕನಸಿನಲ್ಲಿ, ಹೆರೋದ ಸತ್ತನು, ಹಿಂದಿರುಗು ಎಂಬ ಅಪ್ಪಣೆಯಾಯಿತು.

ಇಲ್ಲಿ ಒಂದು ಮಾತನ್ನು ಗಮನಿಸಿ. ಹಿಂದಿರುಗುವಾಗ ಜುದೇಯದಲ್ಲಿ ಹೆರೋದನ ಮಗ ಆರ್ಖೆಲಾಯ ಆಳುತ್ತಿದ್ದಾನೆಂದು ಕೇಳಿ ಜೋಸೆಫರು ಹೆದರಿದರು ಎನ್ನುತ್ತದೆ ಶುಭಸಂದೇಶ. ಆ ಹೆದರಿಕೆ ಸುಳ್ಳಲ್ಲ. ಆರ್ಖೆಲಾಯ ಎಷ್ಟು ಕ್ರೂರಿಯೆಂದರೆ, ಪ್ರಜೆಗಳ ದೂರು ತಾಳಲಾರದೆ ಕ್ರಿ.ಶ. 6ರಲ್ಲಿ ರೋಮಿನ ಚಕ್ರವರ್ತಿಯೇ ಅವನನ್ನು ಪದವಿಯಿಂದ ಇಳಿಸಿ ಗಡಿಪಾರು ಮಾಡಿದ. ದೇವದೂತನ ಮಾತನ್ನು ಮೂರು ಸಲ ಕೇಳಿದ್ದವರೂ ಹೆದರಿದರು. ಆ ಹೆದರಿಕೆಯ ನಡುವೆಯೇ ನಾಲ್ಕನೆಯ ಕನಸು ಬಂತು. ಅವರು ದಾರಿ ಬದಲಿಸಿ ಗಲಿಲೇಯಕ್ಕೆ ಹೋಗಿ ನಜರೇತಿನಲ್ಲಿ ನೆಲೆಸಿದರು. ಆದ್ದರಿಂದ ಪ್ರಿಯರೇ, ಹೆದರಿದ ಮಾತ್ರಕ್ಕೆ ನಿಮ್ಮ ವಿಶ್ವಾಸ ಸತ್ತಿತೆಂದು ತಿಳಿಯಬೇಡಿ.

ಈ ಪಾಠವನ್ನು ನಾನು ಗುರುಮಠದ ಪುಸ್ತಕಗಳಲ್ಲಿ ಓದಿದ್ದೆ. ಕಲಿತದ್ದು ಮಾತ್ರ ಒಂದು ಮನೆಯಲ್ಲಿ. ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಒಬ್ಬರು ಇಪ್ಪತ್ತೆರಡು ವರ್ಷ ದುಡಿದ ಕಾರ್ಖಾನೆ ಮುಚ್ಚಿಹೋಯಿತು. ಮಗಳ ಮದುವೆ ನಿಶ್ಚಯವಾಗಿತ್ತು. ಬಲಿಪೂಜೆ ಮುಗಿದ ಮೇಲೆ ಬಂದು, "ಫಾದರ್, ಇಷ್ಟು ವರ್ಷ ಒಂದು ಭಾನುವಾರವೂ ಪೂಜೆ ತಪ್ಪಿಸಿಲ್ಲ. ಮುಂದೇನು ಅಂತ ದೇವರು ಯಾಕೆ ಹೇಳ್ತಿಲ್ಲ?" ಎಂದು ಕೇಳಿದರು. ನಾನು ಒಂದು ಜ್ಞಾನಸ್ನಾನಕ್ಕೆ ಹೊರಟಿದ್ದೆ. "ಪ್ರಾರ್ಥನೆ ಮಾಡಿ, ಎಲ್ಲಾ ಒಳ್ಳೇದಾಗುತ್ತೆ" ಎಂದುಬಿಟ್ಟೆ. ತಲೆಯಾಡಿಸಿ ಹೋದರು. ಮುಂದಿನ ಮೂರು ಭಾನುವಾರ ಅವರು ಕಾಣಲಿಲ್ಲ.

ಮನಸ್ಸು ತಡೆಯದೆ ಅವರ ಮನೆಗೆ ಹೋದೆ. ಅವರ ಹೆಂಡತಿ ಹೇಳಿದರು: "ಇವರು ರಾತ್ರಿಯೆಲ್ಲ ನಿದ್ದೆ ಮಾಡಲ್ಲ ಫಾದರ್. ಎಲ್ಲಾ ಒಳ್ಳೇದಾಗುತ್ತೆ ಅಂತ ಬಂದವರೆಲ್ಲ ಹೇಳ್ತಾರೆ. ನಾಳೆ ಬೆಳಿಗ್ಗೆ ಏನು ಮಾಡ್ಬೇಕು ಅಂತ ಯಾರೂ ಹೇಳಲ್ಲ." ಆ ತಾಯಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕೊಟ್ಟಿದ್ದು ಸಮಾಧಾನದ ಮಾತು, ಅವರಿಗೆ ಬೇಕಾಗಿದ್ದು ಒಂದು ಹೆಜ್ಜೆ. ದೂತ ಜೋಸೆಫರಿಗೆ ಹೇಳಿದ್ದು ಎಲ್ಲಾ ಒಳ್ಳೆಯದಾಗುತ್ತದೆ ಎಂದಲ್ಲ. ಏಳು, ಕರೆದುಕೋ, ಹೊರಡು ಎಂದ.

ಅಂದು ಸಂಜೆ ಮೂವರೂ ಜಪಸರ ಪ್ರಾರ್ಥಿಸಿ, ನಾಳೆಗೊಂದು ಕೆಲಸ ನಿರ್ಧರಿಸಿದೆವು: ಗಂಡಿನ ಮನೆಯವರಿಗೆ ಇದ್ದ ವಿಷಯ ಇದ್ದ ಹಾಗೆ ಹೇಳುವುದು. ಹೇಳಿದರು. ಮದುವೆ ಸರಳವಾಗಿ ನಡೆಯಿತು. ಆಮೇಲೆ ಆತ ಬಾಡಿಗೆಗೆ ಗೂಡ್ಸ್ ಆಟೋ ಓಡಿಸತೊಡಗಿದರು. ಹೋದ ಕೆಲಸ ಮರಳಿ ಬರಲಿಲ್ಲ. ಮತ್ತೊಂದು ಭಾನುವಾರ ಸಿಕ್ಕಾಗ, "ಸಂಪಾದನೆ ಮೊದಲಿನ ಅರ್ಧವೂ ಇಲ್ಲ ಫಾದರ್, ಆದ್ರೆ ನಿದ್ದೆ ಬರ್ತಿದೆ" ಎಂದರು.

ಧರ್ಮಸಭೆಯೂ ದಿಕ್ಕು ಕಾಣದಾದಾಗ ಜೋಸೆಫರ ಬಳಿಗೇ ಹೋಗಿದೆ. 1870ರ ಡಿಸೆಂಬರ್ 8ರಂದು ಒಂಬತ್ತನೆಯ ಪಿಯುಸ್ ಜಗದ್ಗುರುಗಳು ಅವರನ್ನು ವಿಶ್ವ ಧರ್ಮಸಭೆಯ ಪಾಲಕರೆಂದು ಸಾರಿದರು. ರೋಮ್ ನಗರ ಜಗದ್ಗುರುಗಳ ಕೈತಪ್ಪಿ ಆಗ ಮೂರು ತಿಂಗಳೂ ಆಗಿರಲಿಲ್ಲ. ಅದಾಗಿ ಸರಿಯಾಗಿ 150 ವರ್ಷಕ್ಕೆ, ಕೊರೊನಾ ಕಾಯಿಲೆಯಿಂದ ಲೋಕವೇ ತತ್ತರಿಸಿದ್ದ 2020ರಲ್ಲಿ, ಜಗದ್ಗುರು ಫ್ರಾನ್ಸಿಸರು ಸಂತ ಜೋಸೆಫರ ವರ್ಷವನ್ನು ಘೋಷಿಸಿದರು. ನಿದ್ರಿಸುತ್ತಿರುವ ಜೋಸೆಫರ ಪ್ರತಿಮೆಯೊಂದು ಅವರ ಮೇಜಿನ ಮೇಲಿತ್ತು. ಏನಾದರೂ ಸಮಸ್ಯೆ ಎದುರಾದರೆ ಅದನ್ನು ಚೀಟಿಯಲ್ಲಿ ಬರೆದು ಪ್ರತಿಮೆಯ ಕೆಳಗಿಡುತ್ತಿದ್ದುದಾಗಿ 2015ರಲ್ಲಿ ಮನಿಲಾದಲ್ಲಿ ಕುಟುಂಬಗಳಿಗೆ ಅವರೇ ಹೇಳಿದರು. ಅಲ್ಲಿಯೇ, ವಿಶ್ರಮಿಸಿದ ಮೇಲೆ ಜೋಸೆಫರಂತೆ ಎದ್ದು ಕಾರ್ಯಕ್ಕಿಳಿಯಬೇಕು ಎಂದೂ ಸೇರಿಸಿದರು. ಚೀಟಿ ಇಟ್ಟು ಮಲಗುವುದು ಅರ್ಧ ವಿಶ್ವಾಸ. ಬೆಳಿಗ್ಗೆ ಏಳುವುದು ಉಳಿದರ್ಧ.

ಪ್ರಿಯ ಮಕ್ಕಳೇ, ಇದು ನಿಮಗೆ ಪರೀಕ್ಷೆಯ ಕಾಲ. ಮುಂದೆ ಏನಾಗುತ್ತೇನೋ ಎಂಬ ಚಿಂತೆ ಬೇಡ, ನಾಳೆಯ ಪಾಠ ಓದಿ ಮಲಗಿ. ಮಗನನ್ನು ದೂರದ ಊರಿಗೆ ಕಳುಹಿಸಿದ ತಂದೆತಾಯಂದಿರೇ, ಮಗಳನ್ನು ಮದುವೆ ಮಾಡಿಕೊಟ್ಟು ಬರಿದಾದ ಮನೆಯಲ್ಲಿ ಕುಳಿತವರೇ, ಸಂಗಾತಿಯನ್ನು ಕಳೆದುಕೊಂಡ ಹಿರಿಯರೇ, ಆಸ್ಪತ್ರೆಯ ವರದಿಗಾಗಿ ಕಾಯುತ್ತಿರುವವರೇ, ಜೋಸೆಫರಿಗೆ ನಿಮ್ಮ ಸಂಕಟ ಗೊತ್ತು. ನಾಲ್ಕು ಶುಭಸಂದೇಶಗಳಲ್ಲಿ ಅವರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಎದ್ದರು, ಕರೆದುಕೊಂಡರು, ಹೊರಟರು, ಅಷ್ಟೇ.

ನಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ ದಾರಿ ಕಾಣದೆ ನಿಂತಿದ್ದರೆ, ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಅವರ ಮನೆಗೆ ಹೋಗಿ, ಜೊತೆಯಲ್ಲಿ ಪ್ರಾರ್ಥಿಸಿ, ನಾಳೆ ಬೆಳಿಗ್ಗೆಯ ಕೆಲಸಕ್ಕೆ ಕೈಜೋಡಿಸಿ.

ಇಂದು ರಾತ್ರಿ ನಿಮ್ಮ ಚಿಂತೆಯನ್ನು ಸಂತ ಜೋಸೆಫರ ಚಿತ್ರದ ಮುಂದಿಟ್ಟು ಒಂದೇ ವರ ಬೇಡಿಕೊಳ್ಳಿ: "ಪ್ರಭುವೇ, ಪೂರ್ತಿ ದಾರಿ ಕಾಣದಿದ್ದರೂ ಚಿಂತೆಯಿಲ್ಲ. ನಾಳೆಯ ಹೆಜ್ಜೆಯನ್ನು ತೋರಿಸಿ, ಏಳುವ ಶಕ್ತಿಯನ್ನು ಕೊಡಿ."

ಯೇಸುಸ್ವಾಮಿಯನ್ನೂ ಮಾತೆ ಮರಿಯಮ್ಮನವರನ್ನೂ ಕತ್ತಲಲ್ಲಿ ಕೈಹಿಡಿದು ನಡೆಸಿದ ಸಂತ ಜೋಸೆಫರು ನಮ್ಮ ಕುಟುಂಬಗಳನ್ನೂ ನಡೆಸಲಿ. ಆಮೆನ್.